ಸಲಿಂಗ ಹಕ್ಕುಗಳು ಮತ್ತು ಜನಪ್ರತಿನಿಧಿಗಳ ಹಿಂದಿನ ನಿಲುವು: ಶೃಂಗೇರಿ ಕ್ಷೇತ್ರದ ನೆಲೆಯಿಂದ

ಸಲಿಂಗ ಹಕ್ಕುಗಳ ಕುರಿತ ರಾಜಕೀಯ ದಾಖಲೆ ಎಂದರೆ ಸಲಿಂಗಿಗಳ ಸಂಬಂಧ, ವಿವಾಹ ಮತ್ತು ನಾಗರಿಕ ಹಕ್ಕುಗಳ ಬಗ್ಗೆ ಒಬ್ಬ ಜನಪ್ರತಿನಿಧಿ, ಪಕ್ಷ ಅಥವಾ ಸರ್ಕಾರ ಹಿಂದೆ ಆಡಿದ ಮಾತು, ಹಾಕಿದ ಮತ, ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರ ಮತ್ತು ಹೊರಡಿಸಿದ ಆದೇಶಗಳ ಒಟ್ಟು ಲೆಕ್ಕ. ಚುನಾವಣೆ ಬಂದಾಗ, ತೀರ್ಪು ಹೊರಬಿದ್ದಾಗ ಇಲ್ಲವೇ ಸಚಿವರೊಬ್ಬರು ನಿಲುವು ಬದಲಿಸಿದಾಗ ಈ ಲೆಕ್ಕ ಚರ್ಚೆಗೆ ಬರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನು ಒಳಗೊಂಡ ಶೃಂಗೇರಿ ವಿಧಾನಸಭಾ ಕ್ಷೇತ್ರ ಮತ್ತು ಅದು ಸೇರಿರುವ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವನ್ನು ನೆಲೆಯಾಗಿಟ್ಟುಕೊಂಡು ಈ ಲೇಖನ ವಿಷಯವನ್ನು ವಿವರಿಸುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ‘ಸಲಿಂಗಿ’ ಎಂಬುದು ತನ್ನದೇ ಲಿಂಗದವರತ್ತ ಒಲವುಳ್ಳ ಗಂಡು ಅಥವಾ ಹೆಣ್ಣನ್ನು ಸೂಚಿಸುತ್ತದೆ. ‘ಸಲಿಂಗ ವಿವಾಹ’ ಎಂದರೆ ಒಂದೇ ಲಿಂಗದ ಇಬ್ಬರ ನಡುವಿನ, ಕಾನೂನಿನ ಮಾನ್ಯತೆ ಇರುವ ವಿವಾಹ. ‘ನಾಗರಿಕ ಒಕ್ಕೂಟ’ ಎಂದರೆ ವಿವಾಹವೆಂಬ ಹೆಸರಿಲ್ಲದೆ ಉತ್ತರಾಧಿಕಾರ, ವಿಮೆ, ಆಸ್ತಿ ಮುಂತಾದ ಹಕ್ಕುಗಳನ್ನು ಕೊಡುವ ಏರ್ಪಾಡು. ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕೂ ತಾವು ಕಂಡುಕೊಂಡ ಲಿಂಗಕ್ಕೂ ವ್ಯತ್ಯಾಸವಿರುವವರಿಗೆ ಕರ್ನಾಟಕ ಸರ್ಕಾರ ಬಳಸುವ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಹೆಸರನ್ನೇ ಇಲ್ಲಿಯೂ ಬಳಸಲಾಗಿದೆ. ಎರಡೂ ಗುಂಪುಗಳ ಹೋರಾಟ ಒಟ್ಟಿಗೇ ನಡೆದಿದ್ದರೂ ರಾಜಕೀಯ ದಾಖಲೆ ಒಂದೇ ಅಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಪರವಾಗಿ ಆದೇಶ ಹೊರಡಿಸಿದ ಸರ್ಕಾರವೇ ಸಲಿಂಗ ವಿವಾಹವನ್ನು ವಿರೋಧಿಸಿರುವುದೂ ಉಂಟು.

ಹಿನ್ನೆಲೆ

ಭಾರತದಲ್ಲಿ ಚರ್ಚೆಯ ಮೂಲ ಭಾರತೀಯ ದಂಡ ಸಂಹಿತೆಯ 377ನೇ ಕಲಂ. 1860ರಲ್ಲಿ ರೂಪುಗೊಂಡು 1862ರಲ್ಲಿ ಜಾರಿಯಾದ ಈ ಕಲಂ ‘ನಿಸರ್ಗಕ್ಕೆ ವಿರುದ್ಧವಾದ’ ಲೈಂಗಿಕ ಕ್ರಿಯೆಯನ್ನು, ಒಪ್ಪಿಗೆ ಇದ್ದರೂ, ಅಪರಾಧವೆಂದು ಪರಿಗಣಿಸಿತ್ತು. ಸ್ವಾತಂತ್ರ್ಯದ ನಂತರ ಹಲವು ದಶಕ ಇದು ಚುನಾವಣಾ ವಿಷಯವೇ ಆಗಿರಲಿಲ್ಲ. ಈ ಕಲಂ ಪ್ರಶ್ನಿಸಿ ನಾಝ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಲಿಖಿತವಾಗಿ ಏನನ್ನಾದರೂ ಹೇಳಲೇಬೇಕಾಯಿತು. ಹೇಳಿದ್ದು ಒಂದೇ ಬಾಯಲ್ಲಿ ಅಲ್ಲ: ಏಡ್ಸ್ ನಿಯಂತ್ರಣಕ್ಕೆ 377 ಅಡ್ಡಿ ಎಂದು ಆರೋಗ್ಯ ಇಲಾಖೆಯ ಕಡೆಯವರು ವಾದಿಸಿದರೆ, ಕಲಂ ಉಳಿಯಬೇಕೆಂದು ಅದೇ ಸರ್ಕಾರದ ಗೃಹ ಇಲಾಖೆ ಪಟ್ಟು ಹಿಡಿಯಿತು.

2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಮತ್ತೆ ಹೈಕೋರ್ಟಿನ ದಿಕ್ಕಿಗೇ ತಿರುಗಿತು. ಈ ಏರಿಳಿತ ಕಾಗದದ ಮೇಲಿನ ಗೊಂದಲವಾಗಿಯಷ್ಟೇ ಉಳಿಯಲಿಲ್ಲ. ಸುಪ್ರೀಂ ಕೋರ್ಟಿನ ಮೊದಲ ತೀರ್ಪಿಗೂ ಮುನ್ನ, 2013ರ ನವೆಂಬರ್‌ನಲ್ಲಿ, ಚಿಕ್ಕಮಗಳೂರಿನ ಪಕ್ಕದ ಹಾಸನದಲ್ಲಿ ಹತ್ತಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು 377ರಡಿ ಬಂಧಿಸಿದ್ದರು. 2014ರಲ್ಲಿ ಬೆಂಗಳೂರಿನಲ್ಲಿ ಹೆಂಡತಿ ಕೊಟ್ಟ ದೂರಿನ ಮೇಲೆ ಐಟಿ ಉದ್ಯೋಗಿಯೊಬ್ಬರ ಬಂಧನವಾಯಿತು.

ದಾಖಲೆಯ ಸ್ವರೂಪ

ಜನಪ್ರತಿನಿಧಿಯ ನಿಲುವನ್ನು ತಿಳಿಯಲು ಮತದಾರನಿಗೆ ಸಿಗುವ ಸಾಮಗ್ರಿ ಬಹಳ ತೆಳುವಾದದ್ದು. ನಾಮಪತ್ರದ ಜೊತೆ ಅಭ್ಯರ್ಥಿ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಕ್ರಿಮಿನಲ್ ಮೊಕದ್ದಮೆ, ಚರ ಮತ್ತು ಸ್ಥಿರ ಆಸ್ತಿ, ಸಾಲ, ವಿದ್ಯಾರ್ಹತೆ ಎಲ್ಲವೂ ಇರುತ್ತದೆ. ತೋಟ ಎಷ್ಟು ಎಕರೆ, ಚಿನ್ನ ಎಷ್ಟು ಗ್ರಾಂ ಎಂಬುದೂ ಗೊತ್ತಾಗುತ್ತದೆ. ಯಾವ ಮಸೂದೆಗೆ ಕೈ ಎತ್ತಿದರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ಸದನದ ಕಡತವೂ ಹೆಚ್ಚು ನೆರವಾಗದು. ನಮ್ಮ ಶಾಸನಸಭೆಗಳಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಯಾರು ಹೌದೆಂದರು, ಯಾರು ಇಲ್ಲವೆಂದರು ಎಂಬುದು ಹೆಸರು ಹಿಡಿದು ದಾಖಲಾಗುವುದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂರಕ್ಷಣಾ ಮಸೂದೆ 2019ರ ಆಗಸ್ಟ್ 5ರಂದು ಲೋಕಸಭೆಯಲ್ಲಿ ಅಂಗೀಕಾರವಾದದ್ದು ಹೀಗೆಯೇ. ರಾಜ್ಯಸಭೆಯಲ್ಲಿ ಜಮ್ಮು-ಕಾಶ್ಮೀರದ 370ನೇ ವಿಧಿಯ ನಿರ್ಣಯ ಮಂಡನೆಯಾದ ದಿನವೂ ಅದೇ ಆದ್ದರಿಂದ ಈ ಮಸೂದೆಯತ್ತ ಹೆಚ್ಚು ಗಮನ ಹರಿಯಲಿಲ್ಲ. ಆಗ ಉಡುಪಿ-ಚಿಕ್ಕಮಗಳೂರಿನ ಸಂಸದೆ ಬಿಜೆಪಿಯ ಶೋಭಾ ಕರಂದ್ಲಾಜೆ. ಧ್ವನಿಮತವಾದ ಕಾರಣ ಕ್ಷೇತ್ರದ ಹೆಸರಿನಲ್ಲಿ ಪ್ರತ್ಯೇಕ ಮತ ಎಂಬುದೇ ಅಲ್ಲಿ ಇಲ್ಲ. ಇದಕ್ಕೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯೂ ಸೇರಿಕೊಳ್ಳುತ್ತದೆ: ಪಕ್ಷ ವಿಪ್ ಹೊರಡಿಸಿದರೆ ಸದಸ್ಯ ಮನಸ್ಸಾಕ್ಷಿಯ ಮತ ಹಾಕಿ ಸ್ಥಾನ ಉಳಿಸಿಕೊಳ್ಳುವುದು ಕಷ್ಟ.

ಎಣಿಕೆ ನಡೆದ ಅಪರೂಪದ ಸಂದರ್ಭಗಳು ಎರಡು. ಕಾಂಗ್ರೆಸ್ಸಿನ ಶಶಿ ತರೂರ್ 377ನೇ ಕಲಂ ತಿದ್ದುಪಡಿಗೆ ಖಾಸಗಿ ಮಸೂದೆ ಮಂಡಿಸಲು 2015ರ ಡಿಸೆಂಬರ್ 18ರಂದು ಅನುಮತಿ ಕೋರಿದಾಗ ಲೋಕಸಭೆ ಅದನ್ನು 71-24 ಮತಗಳಿಂದ ತಿರಸ್ಕರಿಸಿತು. 2016ರ ಮಾರ್ಚ್ 11ರಂದು ಮತ್ತೆ ಕೋರಿದಾಗ 58-14. ಎರಡೂ ಶುಕ್ರವಾರದ ಖಾಸಗಿ ಸದಸ್ಯರ ಕಲಾಪಗಳು. ಮಸೂದೆ ಸರಿಯೋ ತಪ್ಪೋ ಎಂಬ ಪ್ರಶ್ನೆ ಎರಡು ಸಲವೂ ಚರ್ಚೆಗೇ ಬರಲಿಲ್ಲ. ಮಂಡನೆಗೇ ತಡೆ ಬಿತ್ತು. 543 ಸ್ಥಾನಗಳ ಸದನದಲ್ಲಿ ಮತಕ್ಕೆ ಇದ್ದವರು ನೂರಕ್ಕಿಂತ ಕಡಿಮೆ. ಕಾಂಗ್ರೆಸ್ಸಿನ ಸ್ವಂತ ಬಲವೇ ಆಗ 40ರ ಮೇಲಿತ್ತು ಎಂಬುದನ್ನು ನೆನೆದರೆ 24 ಮತ್ತು 14 ಎಂಬ ಅಂಕಿಗಳು ಬೆಂಬಲಿಗರ ಉತ್ಸಾಹವನ್ನೂ ಅಳೆಯುತ್ತವೆ.

ಹೀಗಾಗಿ ಭಾರತದಲ್ಲಿ ಹಿಂದಿನ ನಿಲುವಿನ ಚರ್ಚೆಯೆಲ್ಲ ಹೆಚ್ಚಾಗಿ ಸಚಿವರ ಹೇಳಿಕೆ, ಸರ್ಕಾರದ ಪ್ರಮಾಣಪತ್ರ, ಪಕ್ಷದ ಪ್ರಣಾಳಿಕೆ ಮತ್ತು ಸರ್ಕಾರಿ ಆದೇಶಗಳನ್ನೇ ಆಧರಿಸಿದೆ.

ಕ್ಷೇತ್ರದ ನಂಟಿನ ಇಬ್ಬರು ಕಾನೂನು ಸಚಿವರು

ಶೃಂಗೇರಿ ಕ್ಷೇತ್ರದ ಮಟ್ಟಿಗೆ ವಿಶೇಷವೊಂದಿದೆ. 377ರ ವಿವಾದ ಕಾವೇರಿದ್ದ ಎರಡು ಸಂದರ್ಭಗಳಲ್ಲಿ ಕೇಂದ್ರ ಕಾನೂನು ಸಚಿವರಾಗಿದ್ದವರು ಇದೇ ಲೋಕಸಭಾ ಕ್ಷೇತ್ರದ ಪರಿಧಿಯ ರಾಜಕಾರಣಿಗಳು.

ಮೊದಲನೆಯವರು ಕಾಂಗ್ರೆಸ್ಸಿನ ಎಂ. ವೀರಪ್ಪ ಮೊಯಿಲಿ. ಅವರು ಹಲವು ಅವಧಿಗೆ ಶಾಸಕರಾಗಿದ್ದ ಕಾರ್ಕಳ, ಶೃಂಗೇರಿಯ ಹಾಗೆಯೇ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದ ವಿಧಾನಸಭಾ ಕ್ಷೇತ್ರ. 2009ರಲ್ಲಿ ಚಿಕ್ಕಬಳ್ಳಾಪುರದಿಂದ ಲೋಕಸಭೆಗೆ ಆಯ್ಕೆಯಾಗಿ ಕಾನೂನು ಸಚಿವರಾದರು. ಆ ಜೂನ್ ಕೊನೆಯಲ್ಲಿ 377ನ್ನು ಸರ್ಕಾರ ಮರುಪರಿಶೀಲಿಸಲಿದೆ ಎಂಬ ವರದಿಗಳು ಬಂದಾಗ ಧಾರ್ಮಿಕ ಮುಖಂಡರಿಂದ ಆಕ್ಷೇಪ ಎದ್ದಿತು. ಎಲ್ಲ ವರ್ಗಗಳ, ಧಾರ್ಮಿಕ ಗುಂಪುಗಳ ಅಭಿಪ್ರಾಯವನ್ನೂ ಪರಿಗಣಿಸಿಯೇ ತೀರ್ಮಾನ ಎಂದು ಮೊಯಿಲಿ ಹೇಳಿದರು. ಅದಾದ ಕೆಲವೇ ದಿನಗಳಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಕೇಂದ್ರ ಸಂಪುಟ ಮೇಲ್ಮನವಿ ಸಲ್ಲಿಸದೆ ಸುಪ್ರೀಂ ಕೋರ್ಟಿನ ವಿವೇಚನೆಗೆ ಬಿಡಲು ನಿರ್ಧರಿಸಿತು. ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ ಎಂಬ ಈ ಮಾದರಿಯನ್ನೇ 2018ರ ಜುಲೈನಲ್ಲಿ ಬಿಜೆಪಿ ನೇತೃತ್ವದ ಸರ್ಕಾರವೂ ಅನುಸರಿಸಿತು.

ಎರಡನೆಯವರು ಬಿಜೆಪಿಯ ಡಿ.ವಿ. ಸದಾನಂದ ಗೌಡ. ಸುಳ್ಯದ ಕಡೆಯವರಾದ ಅವರು 2009ರಲ್ಲಿ ಗೆದ್ದದ್ದು ಉಡುಪಿ-ಚಿಕ್ಕಮಗಳೂರಿನಿಂದಲೇ. 2011ರಲ್ಲಿ ಮುಖ್ಯಮಂತ್ರಿಯಾಗುವವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮತದಾರರಿಗೂ ಅವರೇ ಸಂಸದರು. 2014ರಲ್ಲಿ ಬೆಂಗಳೂರು ಉತ್ತರದಿಂದ ಆಯ್ಕೆಯಾಗಿ, ಆ ನವೆಂಬರ್‌ನಿಂದ 2016ರ ಜುಲೈವರೆಗೆ ಕಾನೂನು ಸಚಿವರಾಗಿದ್ದರು. ಅಮೆರಿಕದ ಸುಪ್ರೀಂ ಕೋರ್ಟ್ 2015ರ ಜೂನ್ 26ರಂದು ಸಲಿಂಗ ವಿವಾಹಕ್ಕೆ ದೇಶವ್ಯಾಪಿ ಮಾನ್ಯತೆ ಕೊಟ್ಟ ಬೆನ್ನಿಗೇ, ಭಾರತದಲ್ಲೂ ಜನರ ಒಲವು 377ರ ಬದಲಾವಣೆಯ ಕಡೆಗಿದೆ, ಸಮಾಲೋಚನೆಯ ನಂತರ ತೀರ್ಮಾನಿಸಬಹುದು ಎಂದು ಸಚಿವರು ಹೇಳಿದ್ದಾಗಿ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ವರದಿಯಾಯಿತು. ಸುದ್ದಿ ಹಬ್ಬುತ್ತಿದ್ದಂತೆ, ತಮ್ಮ ಮಾತನ್ನು ತಪ್ಪಾಗಿ ಉಲ್ಲೇಖಿಸಲಾಗಿದೆ, ಅಂಥ ಪ್ರಸ್ತಾವವೇನೂ ಇಲ್ಲ ಎಂದು ಸದಾನಂದ ಗೌಡರು ಸ್ಪಷ್ಟನೆ ಕೊಟ್ಟರು. ಹೇಳಿಕೆ, ನಿರಾಕರಣೆ ಎರಡೂ ಒಂದರ ಹಿಂದೊಂದು ಬಂದದ್ದರಿಂದ, ಇಂದಿಗೂ ಪರ ವಾದಿಸುವವರು ಮೊದಲನೆಯದನ್ನೂ ವಿರೋಧಿಸುವವರು ಎರಡನೆಯದನ್ನೂ ಎತ್ತಿಕೊಳ್ಳಬಹುದು.

ಹೇಳಿಕೆಯ ಮರುದಿನವೇ ಸ್ಪಷ್ಟನೆ ಎಂಬ ಈ ಬಗೆ ಯಾವ ಪಕ್ಷದ ಸೊತ್ತೂ ಅಲ್ಲ. 2011ರ ಜುಲೈನಲ್ಲಿ ಆಗಿನ ಆರೋಗ್ಯ ಸಚಿವ, ಕಾಂಗ್ರೆಸ್ಸಿನ ಗುಲಾಂ ನಬಿ ಆಜಾದ್ ಸಲಿಂಗಿ ಸಂಬಂಧವನ್ನು ರೋಗವೆಂಬಂತೆ ಮಾತಾಡಿ, ಟೀಕೆ ಬಂದ ಮೇಲೆ ತಮ್ಮ ಮಾತನ್ನು ತಿರುಚಲಾಗಿದೆ ಎಂದಿದ್ದರು.

ದತ್ತಾತ್ರೇಯ ಹೊಸಬಾಳೆ

ಮಲೆನಾಡಿನ ಮೂರನೆಯ ಉದಾಹರಣೆ ಚುನಾಯಿತ ಪ್ರತಿನಿಧಿಯದಲ್ಲ. ಆದರೂ ಬಿಜೆಪಿಯ ನಿಲುವನ್ನು ಅರಿಯಲು ಇದನ್ನು ಬಿಡುವಂತಿಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ದತ್ತಾತ್ರೇಯ ಹೊಸಬಾಳೆ ರಾಷ್ಟ್ರೀಯ ಸ್ವಯಂಸೇವಕ ಸಂಘದ ಸಹ ಸರಕಾರ್ಯವಾಹರಾಗಿದ್ದಾಗ, 2016ರ ಮಾರ್ಚ್‌ನಲ್ಲಿ, ಇತರರ ಬದುಕಿಗೆ ತೊಂದರೆಯಾಗದಿದ್ದರೆ ಸಲಿಂಗಿ ಸಂಬಂಧ ಅಪರಾಧವಾಗಬಾರದು ಎಂಬರ್ಥದ ಮಾತಾಡಿದರು. ಮರುದಿನ ಅದಕ್ಕೆ ವಿವರಣೆ ಸೇರಿಸಿದರು: ಶಿಕ್ಷೆ ಬೇಡ, ಆದರೆ ಸಮಾಜದ ದೃಷ್ಟಿಯಲ್ಲಿ ಅದು ಅನೈತಿಕ, ಮಾನಸಿಕ ಪ್ರಕರಣವೆಂದು ನೋಡಬೇಕು, ಸಲಿಂಗ ವಿವಾಹವನ್ನಂತೂ ನಿಷೇಧಿಸಬೇಕು. 2021ರಲ್ಲಿ ಸರಕಾರ್ಯವಾಹರಾದ ಅವರು 2023ರ ಮಾರ್ಚ್‌ನಲ್ಲಿ, ವಿವಾಹ ಗಂಡು-ಹೆಣ್ಣಿನ ನಡುವೆಯೇ ನಡೆಯುವಂಥದ್ದು ಎಂದು, ಸುಪ್ರೀಂ ಕೋರ್ಟಿನಲ್ಲಿ ಸಲಿಂಗ ವಿವಾಹವನ್ನು ವಿರೋಧಿಸಿದ್ದ ಕೇಂದ್ರ ಸರ್ಕಾರದ ವಾದವನ್ನು ಬೆಂಬಲಿಸಿದರು.

ಏಳು ವರ್ಷಗಳ ಈ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಒಂದಕ್ಕೊಂದು ವಿರುದ್ಧವಲ್ಲ. ಅಪರಾಧವೆನ್ನುವುದು ಬೇಡ, ವಿವಾಹವೂ ಬೇಡ ಎಂಬ ನಡುಗೆರೆ ಮೊದಲ ವರ್ಷವೇ ಎಳೆದದ್ದು. ಬಿಜೆಪಿಯ ಸ್ಥಾನವೂ 2018ರ ನಂತರ ಇಲ್ಲಿಗೇ ಬಂದು ನಿಂತಿದೆ. 2013ರ ಡಿಸೆಂಬರ್‌ನಲ್ಲಿ ಆಗಿನ ಪಕ್ಷಾಧ್ಯಕ್ಷ ರಾಜನಾಥ ಸಿಂಗ್ 377ನ್ನು ಬಹಿರಂಗವಾಗಿ ಬೆಂಬಲಿಸಿದ್ದನ್ನು ನೋಡಿದರೆ, ಬದಲಾವಣೆ ಆಗಿರುವುದು ಪಕ್ಷದ್ದೇ.

ರಾಜ್ಯ ಸರ್ಕಾರಗಳ ದಾಖಲೆ

ರಾಜ್ಯ ಮಟ್ಟದ ಕಡತ ಸಲಿಂಗ ವಿವಾಹದ ಬಗ್ಗೆ ಮೌನವಾಗಿದೆ. ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ತುಂಬಿಕೊಂಡಿದೆ.

2011ರಲ್ಲಿ ಬಿಜೆಪಿ ಸರ್ಕಾರವಿದ್ದಾಗ ಕರ್ನಾಟಕ ಪೊಲೀಸ್ ಕಾಯ್ದೆ 1963ಕ್ಕೆ 36ಎ ಕಲಂ ಸೇರಿತು. ಅನುಮಾನಕ್ಕೆ ಒಳಗಾದ ‘ನಪುಂಸಕ’ರ ಹೆಸರು, ವಾಸಸ್ಥಳಗಳ ರಿಜಿಸ್ಟರ್ ಇಡುವ ಅಧಿಕಾರವನ್ನು ಅದು ಪೊಲೀಸ್ ಕಮಿಷನರ್‌ಗೆ ಕೊಟ್ಟಿತು. ಇಂಥ ರಿಜಿಸ್ಟರಿನ ಕಲ್ಪನೆ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಕಾಲದ್ದು. ಬ್ರಿಟಿಷರು ಬಿಟ್ಟುಹೋದ ಅಚ್ಚಿಗೆ 140 ವರ್ಷದ ನಂತರ ಮತ್ತೆ ಶಾಯಿ ಬಳಿದಂತಾಯಿತು. ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. ಸಿದ್ದರಾಮಯ್ಯ ಸರ್ಕಾರದ ಅವಧಿಯಲ್ಲಿ ಆ ಪದವನ್ನು ತೆಗೆದು ‘ವ್ಯಕ್ತಿ’ ಎಂದು ತಿದ್ದಲಾಯಿತು. ಅದೇ ಸರ್ಕಾರ 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ರಾಜ್ಯ ನೀತಿಯನ್ನು ಒಪ್ಪಿತು. ಮಾಸಾಶನದ ‘ಮೈತ್ರಿ’ ಯೋಜನೆಯೂ ಸಿದ್ದರಾಮಯ್ಯ ಅವರ ಮೊದಲ ಅವಧಿಯದೇ.

ಕಥೆ ಇಲ್ಲಿಗೇ ನಿಂತಿದ್ದರೆ ಒಂದು ಪಕ್ಷ ಪರ, ಇನ್ನೊಂದು ವಿರುದ್ಧ ಎಂದು ಸುಲಭವಾಗಿ ಬರೆದುಬಿಡಬಹುದಿತ್ತು. 2021ರ ಜುಲೈನಲ್ಲಿ ಬಿ.ಎಸ್. ಯಡಿಯೂರಪ್ಪ ನೇತೃತ್ವದ ಬಿಜೆಪಿ ಸರ್ಕಾರ ನಾಗರಿಕ ಸೇವಾ ನೇಮಕಾತಿ ನಿಯಮ ತಿದ್ದಿ, ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ನೀಡಿತು. ಇಂಥ ಕ್ರಮ ಕೈಗೊಂಡ ಮೊದಲ ರಾಜ್ಯ ಕರ್ನಾಟಕ. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಜೋಗತಿ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದೂ ಬಿಜೆಪಿ ಸರ್ಕಾರವಿದ್ದಾಗಲೇ. 2023ರ ಜೂನ್ 11ರಂದು ಕಾಂಗ್ರೆಸ್ ಸರ್ಕಾರ ಆರಂಭಿಸಿದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತದೆ. ಅದು ಸರ್ಕಾರಿ ಬಸ್ಸಿಗೆ ಮಾತ್ರ, ಖಾಸಗಿ ಬಸ್ಸುಗಳನ್ನು ನೆಚ್ಚಿಕೊಂಡ ಮಲೆನಾಡಿನ ಊರುಗಳಲ್ಲಿ ಪ್ರಯೋಜನ ಅಷ್ಟಕ್ಕಷ್ಟೇ.

ಶೃಂಗೇರಿಯ ಶಾಸಕರ ಪಾಲು ಇದರಲ್ಲಿ ಎಷ್ಟು? ಬಿಜೆಪಿಯ ಡಿ.ಎನ್. ಜೀವರಾಜ್ 2004ರಿಂದ 2018ರವರೆಗೆ ಶಾಸಕರಾಗಿದ್ದರು. 36ಎ ಕಲಂ ಸೇರಿದ 2011ರಲ್ಲಿ ಅವರು ಆಡಳಿತ ಪಕ್ಷದಲ್ಲಿದ್ದರು, ಅದರ ಪದ ತಿದ್ದಿದ ಹೊತ್ತಿಗೆ ವಿರೋಧ ಪಕ್ಷದಲ್ಲಿ. 2018ರಲ್ಲಿ ಕಾಂಗ್ರೆಸ್ಸಿನ ಟಿ.ಡಿ. ರಾಜೇಗೌಡ ಆಯ್ಕೆಯಾದರು. 2021ರ ಮೀಸಲಾತಿ ಬಂದದ್ದು ನೇಮಕಾತಿ ನಿಯಮದ ತಿದ್ದುಪಡಿಯಿಂದ, ‘ಶಕ್ತಿ’ ಬಂದದ್ದು ಸರ್ಕಾರಿ ಆದೇಶದಿಂದ. ಎರಡಕ್ಕೂ ಶಾಸಕರ ಮತ ಬೇಕಾಗಿರಲಿಲ್ಲ. ಆಡಳಿತದ ಆದೇಶದಲ್ಲಿ ಹಕ್ಕು ಬಂದಾಗ ಕ್ಷೇತ್ರದ ಶಾಸಕನ ವೈಯಕ್ತಿಕ ದಾಖಲೆ ಖಾಲಿಯಾಗಿಯೇ ಉಳಿಯುತ್ತದೆ.

ವಿವಾಹದ ಪ್ರಶ್ನೆ

ಸಲಿಂಗ ವಿವಾಹದ ವಾದ ಮುಖ್ಯವಾಗಿ ನಿಂತದ್ದು 1954ರ ವಿಶೇಷ ವಿವಾಹ ಕಾಯ್ದೆಯ ಮೇಲೆ. ಈ ಕಾಯ್ದೆಯಡಿ ಮದುವೆಯಾಗುವವರು ವಿವಾಹಾಧಿಕಾರಿಗೆ ಮುಂಗಡ ನೋಟಿಸ್ ಕೊಡಬೇಕು. ಅದನ್ನು ಕಚೇರಿಯ ಫಲಕದಲ್ಲಿ ಹಾಕಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಎಲ್ಲರೂ ಎಲ್ಲರ ಮನೆತನ ಬಲ್ಲ ಕೊಪ್ಪದಂಥ ಪೇಟೆಯಲ್ಲಿ ಜಾತಿ ಮೀರಿ ಮದುವೆಯಾಗುವ ಗಂಡು-ಹೆಣ್ಣಿಗೇ ಈ ಒಂದು ತಿಂಗಳು ದೊಡ್ಡ ಅಡ್ಡಿ. ಕಾಯ್ದೆ ವಯಸ್ಸನ್ನು ಗಂಡಿಗೆ 21, ಹೆಣ್ಣಿಗೆ 18 ಎಂದು ಬರೆದಿರುವುದರಿಂದ ಸಲಿಂಗ ಜೋಡಿಯ ಅರ್ಜಿ ಈ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ.

ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿದ ಸುಪ್ರಿಯೊ ಪ್ರಕರಣದ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ 2023ರ ಏಪ್ರಿಲ್ 18ರಿಂದ ಮೇ 11ರವರೆಗೆ ನಡೆಯಿತು. ಕೇಂದ್ರ ಸರ್ಕಾರ ರಾಜ್ಯಗಳ ಅಭಿಪ್ರಾಯ ಕೇಳಿತ್ತು. ಏಳು ರಾಜ್ಯಗಳಿಂದ ಉತ್ತರ ಬಂದಿದೆ ಎಂದು ಅದು ಪೀಠಕ್ಕೆ ತಿಳಿಸಿದ್ದು ಮೇ 10ರಂದು, ಅಂದರೆ ಕರ್ನಾಟಕ ವಿಧಾನಸಭೆಗೆ ಮತದಾನ ನಡೆಯುತ್ತಿದ್ದ ದಿನವೇ. ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. ವಿರೋಧಿಸಿದ ಮೂರು ರಾಜ್ಯಗಳು ಅಸ್ಸಾಂ, ಆಂಧ್ರಪ್ರದೇಶ, ರಾಜಸ್ಥಾನ. ಆಗ ಅಲ್ಲಿ ಆಡಳಿತ ಕ್ರಮವಾಗಿ ಬಿಜೆಪಿ, ವೈಎಸ್‌ಆರ್ ಕಾಂಗ್ರೆಸ್ ಮತ್ತು ಕಾಂಗ್ರೆಸ್ಸಿನದು. ಶೃಂಗೇರಿಯಲ್ಲಿ ಆ ಚುನಾವಣೆಯ ಘೋಷಿತ ಅಂತರ ಕೇವಲ 201 ಮತ. ಇಷ್ಟು ಬಿಗಿಯಾದ ಕಣದಲ್ಲೂ ಮಾತು ನಡೆದದ್ದು ಅರಣ್ಯ ಒತ್ತುವರಿ, ಕಸ್ತೂರಿರಂಗನ್ ವರದಿ, ಅಡಿಕೆಯ ಹಳದಿ ಎಲೆ ರೋಗ, ಆನೆ ಕಾಟದಂಥ ವಿಷಯಗಳ ಸುತ್ತ.

2023ರ ಅಕ್ಟೋಬರ್ 17ರ ತೀರ್ಪಿನಲ್ಲಿ, ವಿವಾಹ ಮೂಲಭೂತ ಹಕ್ಕಲ್ಲ ಎಂಬುದನ್ನು ಐವರೂ ಒಪ್ಪಿದರು. ನಾಗರಿಕ ಒಕ್ಕೂಟ ಮತ್ತು ದತ್ತು ವಿಷಯದಲ್ಲಿ 3-2 ಎಂದು ಒಡೆದರು. ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಬರೆದ ಬಹುಮತದ ಪ್ರಮುಖ ತೀರ್ಪು ಎರಡನ್ನೂ ಒಪ್ಪಲಿಲ್ಲ. ಶಾಸನ ಮಾಡುವ ಹೊಣೆ ಹೀಗೆ ಜನಪ್ರತಿನಿಧಿಗಳಿಗೇ ಮರಳಿತು. ವಿವಾಹ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿರುವುದರಿಂದ ಹೊಣೆ ಸಂಸದರದು ಮಾತ್ರವಲ್ಲ, ತಾತ್ವಿಕವಾಗಿ ಶಾಸಕರದೂ ಹೌದು.

ಇತರ ದೇಶಗಳಲ್ಲಿ

ಹೆಸರು ಹಿಡಿದು ಮತ ದಾಖಲಾಗುವ ದೇಶಗಳಲ್ಲಿ ಈ ಚರ್ಚೆಯ ರೂಪವೇ ಬೇರೆ. ಅಮೆರಿಕದಲ್ಲಿ ವಿವಾಹವನ್ನು ಗಂಡು-ಹೆಣ್ಣಿಗೆ ಸೀಮಿತಗೊಳಿಸಿದ 1996ರ ಕೇಂದ್ರ ಕಾಯ್ದೆಗೆ ಸೆನೆಟ್ 85-14 ಮತಗಳಿಂದ ಒಪ್ಪಿಗೆ ಕೊಟ್ಟಿತು. ಪರ ಮತ ಹಾಕಿದವರಲ್ಲಿ ಜೋ ಬೈಡನ್ ಒಬ್ಬರು. ಅದನ್ನು ರದ್ದುಗೊಳಿಸಿದ ಕಾಯ್ದೆಗೆ 2022ರ ಡಿಸೆಂಬರ್ 13ರಂದು ಅಧ್ಯಕ್ಷರಾಗಿ ಸಹಿ ಹಾಕಿದವರೂ ಅವರೇ. ಬರಾಕ್ ಒಬಾಮ 2012ರಲ್ಲಿ, ಹಿಲರಿ ಕ್ಲಿಂಟನ್ 2013ರಲ್ಲಿ ಸಲಿಂಗ ವಿವಾಹಕ್ಕೆ ಬೆಂಬಲ ಘೋಷಿಸಿದರು. ಬ್ರಿಟನ್ನಿನಲ್ಲಿ 2013ರಲ್ಲಿ ಪಕ್ಷಗಳು ಸಲಿಂಗ ವಿವಾಹದ ಮಸೂದೆಯನ್ನು ವಿಪ್ ಇಲ್ಲದೆ ಮತಕ್ಕೆ ಬಿಟ್ಟಾಗ ಕಾಮನ್ಸ್ ಸಭೆಯ ಎರಡನೇ ವಾಚನದಲ್ಲಿ 400-175 ಎಂದು ಅಂಕಿ ಬಂತು. ಐರ್ಲೆಂಡ್ 2015ರಲ್ಲಿ ಜನಮತಗಣನೆಯಿಂದಲೇ ತೀರ್ಮಾನಿಸಿತು.

ಬಳಕೆ

ಪಕ್ಷಗಳು ಹಿಂದಿನ ನಿಲುವನ್ನು ಎದುರಾಳಿಯ ಇಬ್ಬಂದಿತನ ತೋರಿಸಲು ಬಳಸುತ್ತವೆ. ಹಕ್ಕುಗಳ ಸಂಘಟನೆಗಳು ಭರವಸೆಗೂ ಆದೇಶಕ್ಕೂ ಇರುವ ಅಂತರ ತೋರಿಸಲು ಬಳಸುತ್ತವೆ. ಪಿಯುಸಿಎಲ್-ಕರ್ನಾಟಕ 2001 ಮತ್ತು 2003ರಲ್ಲಿ ಹೊರತಂದ ವರದಿಗಳು, 1999ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಸಂಗಮ’ದ ಕೆಲಸ ಈ ಎರಡನೆಯ ಬಗೆಯವು. ಸರ್ಕಾರಿ ನೌಕರಿಯ ಮೀಸಲಾತಿಯೂ ‘ಸಂಗಮ’ ಹೈಕೋರ್ಟಿನಲ್ಲಿ ಹೂಡಿದ ಪ್ರಕರಣದ ನಡುವೆಯೇ ಬಂದದ್ದು.

ಇಂದಿನ ಸ್ಥಿತಿ

2024ರ ಲೋಕಸಭಾ ಚುನಾವಣೆಯ ಪ್ರಣಾಳಿಕೆಗಳಲ್ಲಿ ಪಕ್ಷಗಳ ಅಂತರ ಮೊದಲಿಗಿಂತ ನಿಚ್ಚಳವಾಯಿತು. ವ್ಯಾಪಕ ಸಮಾಲೋಚನೆಯ ನಂತರ ನಾಗರಿಕ ಒಕ್ಕೂಟಕ್ಕೆ ಕಾನೂನು ತರುವುದಾಗಿ ಕಾಂಗ್ರೆಸ್ ಬರೆಯಿತು. ವಿವಾಹಕ್ಕೆ ಸಮನಾದ ಮಾನ್ಯತೆಯನ್ನು ಸಿಪಿಎಂ ಬೆಂಬಲಿಸಿತು. ಬಿಜೆಪಿ ಲಿಂಗತ್ವ ಅಲ್ಪಸಂಖ್ಯಾತರ ಕಲ್ಯಾಣ ಯೋಜನೆಗಳ ಮಾತನ್ನಷ್ಟೇ ಆಡಿತು. ಉಡುಪಿ-ಚಿಕ್ಕಮಗಳೂರಿನಲ್ಲಿ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆ ಅವರನ್ನು ಸೋಲಿಸಿದರು.

ಅದೇ ವರ್ಷದ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಂ ಇಲ್ಲ. ಸುಪ್ರೀಂ ಕೋರ್ಟಿನ ಸೂಚನೆಯಂತೆ ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿ 2024ರ ಏಪ್ರಿಲ್‌ನಲ್ಲಿ ರಚನೆಯಾಯಿತು. ಸಲಿಂಗ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ, ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸಬಹುದು ಎಂಬ ಸೂಚನೆಗಳು ಆ ನಂತರ ಹೊರಬಿದ್ದವು. ವಿಶೇಷ ವಿವಾಹ ಕಾಯ್ದೆಯನ್ನು ಸಲಿಂಗ ಜೋಡಿಗಳಿಗೂ ವಿಸ್ತರಿಸಲು ಸಂಸದೆ ಸುಪ್ರಿಯಾ ಸುಳೆ 2022ರ ಏಪ್ರಿಲ್‌ನಲ್ಲಿ ಮಂಡಿಸಿದ್ದ ಖಾಸಗಿ ಮಸೂದೆ ಹದಿನೇಳನೇ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಸುಪ್ರಿಯೊ ತೀರ್ಪಿನ ಮರುಪರಿಶೀಲನಾ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಜನವರಿ 9ರಂದು ವಜಾಗೊಳಿಸಿತು.